ಇಟಲಿ ಹಾಡಿನ ಸಮಜಾಯಿಷಿ

ಒಂದೇ ಹಾಡಿನ ಬಗ್ಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಮಜಾಯಿಷಿ ಕೊಟ್ಟವಳು ನಾನು. ಅದೂ ಒಂದಕ್ಷರ ಅರ್ಥವಾಗದ ಹಾಡು.

ಎಂಬತ್ತರ ದಶಕದಲ್ಲಿ ನಾನು ಕಮಲಾಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಮನೆ ಕಲಬುರಗಿಯ ಖೂಬಾ ಪ್ಲಾಟಿನಲ್ಲಿ. ಬೆಳಿಗ್ಗೆ ಬೀದರ ಕಡೆಯ ಬಸ್ಸು ಹಿಡಿದು ಹೋಗಿ ಸಂಜೆ ಅದೇ ದಾರಿಯಲ್ಲಿ ಮರಳುತ್ತಿದ್ದೆ. ಮನೆಯಲ್ಲಿ ನಾನು, ನನ್ನ ಗಂಡ ಮತ್ತು ಮಾವನವರು. ಮಾವನವರದು ಪೌರೋಹಿತ್ಯ, ಬಿಡುವಾದಾಗ ಮರಾಠಿ ಅಭಂಗ ಹಾಡುತ್ತಿದ್ದರು. ಮೈದುನ ಮುಂಬಯಿಯಿಂದ ಹೊರಡುವ ಸರಕು ಹಡಗಿನಲ್ಲಿ ಎಲೆಕ್ಟ್ರಿಷಿಯನ್. ರಜೆಗೆ ಬಂದಾಗಲೆಲ್ಲ ಯಾರಿಗೂ ಬೇಡವಾದ ಏನಾದರೊಂದು ತರುತ್ತಿದ್ದ. ಒಮ್ಮೆ ಒಂದು ಕ್ಯಾಸೆಟ್ ತಂದ.

ಅದರಲ್ಲಿ ಐದು ಹಾಡುಗಳಿದ್ದವು, ಐದೂ ಒಂದೇ ಹಾಡು. ಮೊದಲು ಇಟಲಿಯ ಭಾಷೆಯಲ್ಲಿ ಒಬ್ಬ ಹೆಂಗಸು ಹಾಡುತ್ತಿದ್ದಳು. ಆಮೇಲೆ ಫ್ರೆಂಚಿನಲ್ಲಿ ಇನ್ನೊಬ್ಬಳು, ಸ್ಪ್ಯಾನಿಷ್, ಇಂಗ್ಲಿಷ್, ಕೊನೆಗೆ ಜರ್ಮನ್ನಿನಲ್ಲಿ ಒಬ್ಬ ಗಂಡಸು. ಅಲ್ಲಿ ಒಂದು ಹಾಡು ಹಿಟ್ ಆದರೆ ಅಕ್ಕಪಕ್ಕದ ದೇಶದವರೆಲ್ಲ ಅದೇ ಧಾಟಿಗೆ ತಮ್ಮ ತಮ್ಮ ಮಾತು ಹಾಕಿಕೊಳ್ಳುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ ಎಂದು ಮೈದುನ ಹೇಳಿದ. ಅವನು ಹಾಗೆ ಹೇಳಬಾರದಿತ್ತು.

ಆ ವರ್ಷ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಒಂದು ಹೊಸ ಹಾಡು ಬೇಕೆಂದು ದೊಡ್ಡ ಅಕ್ಕೋರು, ಎಂದರೆ ನಮ್ಮ ಮುಖ್ಯೋಪಾಧ್ಯಾಯಿನಿ, ನನಗೆ ಹೇಳಿದರು. ನನಗೆ ರಾಗ ಕಟ್ಟಲು ಬರುವುದಿಲ್ಲ. ಐದು ದೇಶದವರು ಮಾಡಿದ್ದನ್ನು ಆರನೆಯವಳಾಗಿ ನಾನು ಮಾಡಿದರೇನಾಯಿತು ಎಂದುಕೊಂಡು, ಬಸ್ಸಿನಲ್ಲಿ ಕೂತು ನಾಲ್ಕು ದಿನದಲ್ಲಿ ಆ ಧಾಟಿಗೆ ಕನ್ನಡದ ಮಾತು ಬರೆದೆ. ಶಾಲೆ, ಅಕ್ಷರ, ಬೆಳಕು, ಇಂಥವೇ. ಹುಡುಗಿಯರು ಎರಡು ವಾರದಲ್ಲಿ ಕಲಿತರು. ಗ್ಯಾದರಿಂಗಿನಲ್ಲಿ ಜನ ಎರಡು ಸಲ ಹಾಡಿಸಿದರು. ರಾಗ ಯಾರದು ಎಂದು ಅತಿಥಿಗಳು ಕೇಳಿದಾಗ ದೊಡ್ಡ ಅಕ್ಕೋರು ನನ್ನ ಕಡೆ ಕೈ ತೋರಿಸಿದರು. ನಾನು ತಲೆಬಾಗಿ ನಮಸ್ಕಾರ ಮಾಡಿದೆ, ಬಾಯಿ ಬಿಡಲಿಲ್ಲ. ಮುಂದಿನದೆಲ್ಲ ಅನುಭವಿಸಿದ್ದು ಆ ನಮಸ್ಕಾರಕ್ಕೆ.

ಎರಡು ವರ್ಷ ಬಿಟ್ಟು ಅದೇ ಧಾಟಿಯಲ್ಲಿ ಒಂದು ಹಿಂದಿ ಸಿನಿಮಾ ಹಾಡು ಬಂತು. ಹೋಟೆಲಿನಲ್ಲಿ ಕುಣಿಯುವ ಹಾಡು. ಅಷ್ಟರಲ್ಲಿ ನಮ್ಮ ಶಾಲೆಯ ಹುಡುಗಿಯರು ಆ ಧಾಟಿಯ ನನ್ನ ಹಾಡನ್ನು ದಿನವೂ ಪ್ರಾರ್ಥನೆಯ ಹೊತ್ತಿಗೆ ಹಾಡುತ್ತಿದ್ದರು. ಹೊಸದಾಗಿ ಸೇರಿದ ಹುಡುಗಿಯರಿಗಂತೂ ಸಿನಿಮಾದ್ದೇ ಮೊದಲು, ನನ್ನದು ಆಮೇಲೆ. ಕೆಂಪು ಬಾಳೆಯ ತೋಟದ ಯಜಮಾನರೊಬ್ಬರ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಳು. ಅವರು ನೇರ ದೊಡ್ಡ ಅಕ್ಕೋರ ಕೋಣೆಗೆ ಬಂದರು. ನನ್ನನ್ನೂ ಕರೆಸಿದರು.

“ಸಾಲ್ಯಾಗ ಹೋಟೆಲ್ ಡ್ಯಾನ್ಸಿನ ಹಾಡು ಕಲಸಾಕತ್ತೀರೇನ್ರೀ ಅಕ್ಕೋರೆ?” ಎಂದು ಅವರು ಕೇಳಿದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಸಿನಿಮಾದವರಿಗಿಂತ ಎರಡು ವರ್ಷ ಮೊದಲೇ ನಾನು ಬರೆದದ್ದು, ಧಾಟಿ ಇಟಲಿಯದು ಎಂದೆ. ದೊಡ್ಡ ಅಕ್ಕೋರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಇಷ್ಟು ದಿನ ಅದು ನನ್ನದೇ ರಾಗವೆಂದು ಅವರು ಊರಿಗೆಲ್ಲ ಹೇಳಿದ್ದರು. ಇಟಲಿಯದೆನ್ನುವುದಕ್ಕೆ ಏನು ಪುರಾವೆ ಎಂದು ಕೇಳಿದರು. ನಾಳೆ ಕ್ಯಾಸೆಟ್ ತರುತ್ತೇನೆ ಎಂದು ಹೇಳಿ ಬಂದೆ.

ಮನೆಗೆ ಬಂದು ಕ್ಯಾಸೆಟ್ ಹಾಕಿದರೆ ಮಾವನವರ ದನಿ. ತಾಳದ ಸಮೇತ ಅಭಂಗ. ಸೊಲ್ಲಾಪುರದ ತಮ್ಮನಿಗೆ ಕಳಿಸಲೆಂದು ನಮ್ಮ ಟೇಪ್ ರೆಕಾರ್ಡರಿನಲ್ಲಿ ತಾವೇ ತುಂಬಿಸಿದ್ದರು, ಕಳಿಸಲು ಮರೆತಿದ್ದರು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ.

“ಅದರಾಗ ದೇವರ ಹೆಸರೂ ಇರಲಿಲ್ಲವ್ವಾ, ತಿಳಿಯೋ ಮಾತೂ ಇರಲಿಲ್ಲ,” ಎಂದರು ಅವರು. “ಖಾಲಿ ಅದ ಅಂತ ತಿಳದೆ.”

ಪಾಪ, ಸುಳ್ಳು ಹೇಳುವ ಮನುಷ್ಯನಲ್ಲ. ನಿಜವಾಗಿಯೂ ಖಾಲಿ ಎಂದೇ ತಿಳಿದಿದ್ದರು. ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕಂತಲೇ ಸದ್ದು ಮಾಡುತ್ತ ತೊಳೆದೆ.

ಅಭಂಗ ಮುಗಿದ ಮೇಲೆ ಕೊನೆಯಲ್ಲಿ ಎರಡು ನಿಮಿಷದಷ್ಟು ಹಳೆಯದು ಉಳಿದಿತ್ತು. ಅದನ್ನೇ ತೆಗೆದುಕೊಂಡು ಹೋದೆ. ದೊಡ್ಡ ಅಕ್ಕೋರ ಕೋಣೆಯಲ್ಲಿ ಅಭಂಗವನ್ನು ಓಡಿಸಿ ಓಡಿಸಿ ಆ ಜಾಗ ಹುಡುಕುವಷ್ಟರಲ್ಲಿ ನನಗೆ ಬೆವರಿಳಿದಿತ್ತು. ಹಾಡು ಬಂತು. ಧಾಟಿ ಅದೇ. ಅವರು ಪೂರ್ತಿ ಕೇಳಿ, ಇದು ಇಟಲಿ ಭಾಷೆಯೇನು ಎಂದರು. ಅಲ್ಲ, ಜರ್ಮನ್ ಎಂದೆ, ಉಳಿದದ್ದು ಅದೊಂದೇ.

“ಅಂದ್ರ ಅವರೂ ಕದ್ದಾರೇನು?”

“ಎಲ್ಲಾರೂ ಕದ್ದಾರ್ರೀ,” ಎಂದೆ ನಾನು. “ನಾನೂ ಕದ್ದೀನಿ. ಸಿನಿಮಾದವರಿಗಿಂತ ಮೊದಲ ಕದ್ದೀನಿ, ಅಷ್ಟ.”

ಮೈದುನ ಹೇಳಿದ ಹಾಗೆ, ಅಲ್ಲಿ ಅದನ್ನು ಯಾರೂ ಕಳವು ಎನ್ನುವುದಿಲ್ಲ ಎಂದು ವಿವರಿಸಬಹುದಿತ್ತು. ಅಷ್ಟು ಹೊತ್ತಿಗೆ ನನಗೇ ಸಾಕಾಗಿತ್ತು. ಮರುದಿನದಿಂದ ಆ ಹಾಡು ಶಾಲೆಯಲ್ಲಿ ಬಂದ್ ಆಯಿತು.

ಮುಂದಿನ ಸಲ ಮೈದುನ ಬಂದಾಗ, ಮೂಲ ಇಟಲಿಯದೇ ಎಂದು ಒಂದು ಕಾಗದವನ್ನಾದರೂ ಬರೆದುಕೊಡು ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡ. “ಅಂಗಡಿಯಂವ ಇಟಲಿದ್ದು ಅಂದ ವೈನಿ, ನಾ ತಂದೆ. ಮೊದಲಿಂದು ಯಾವುದಂತ ನನಗೇನು ಗೊತ್ತು?” ನಾನು ಅವನೊಂದಿಗೆ ಎರಡು ದಿನ ಮಾತಾಡಲಿಲ್ಲ. ಅದು ಅವನಿಗೆ ಗೊತ್ತಾಗಲೂ ಇಲ್ಲ.

ಸಿನಿಮಾ ಹಾಡನ್ನು ಜನ ಮರೆತರು. ನನ್ನ ಮೇಲಿನ ಮಾತು ಮಾತ್ರ ಉಳಿಯಿತು. ಹೊಸ ಶಿಕ್ಷಕಿಯರು ಬಂದಾಗಲೆಲ್ಲ ಯಾರೋ ಒಬ್ಬರು ನಗುತ್ತ, ಸಿನಿಮಾ ಹಾಡಿನ ಅಕ್ಕೋರು ಇವರೇ ಎಂದು ಪರಿಚಯಿಸುವರು. ನಾನು ಇಟಲಿಯಿಂದ ಶುರು ಮಾಡುವೆ. ಜರ್ಮನಿ ಮುಟ್ಟುವಷ್ಟರಲ್ಲಿ ಅವರ ಚಹಾ ಮುಗಿದಿರುತ್ತಿತ್ತು.

ತೊಂಬತ್ತರ ದಶಕದ ಕೊನೆಗೆ ಕೋಟನೂರಿನ ಶಾಲೆಗೆ ನನ್ನ ವರ್ಗವಾಯಿತು. ಕಮಲಾಪುರದಲ್ಲಿ ಬೀಳ್ಕೊಡುಗೆಯ ದಿನ ಒಂಬತ್ತನೆಯ ತರಗತಿಯ ಹುಡುಗಿಯರು ಸಾಲಾಗಿ ನಿಂತು ಹಾಡತೊಡಗಿದರು. ಅದೇ ಹಾಡು. ನಾನು ಅವರಿಗೆ ಕಲಿಸಿರಲಿಲ್ಲ, ಯಾರೂ ಕಲಿಸುವಂತಿರಲಿಲ್ಲ. ಪಕ್ಕದಲ್ಲಿದ್ದ ದೊಡ್ಡ ಅಕ್ಕೋರನ್ನು ನೋಡಿದೆ. ಅವರೂ ನನ್ನನ್ನೇ ನೋಡಿದರು. ಆಮೇಲೆ ತಿಳಿದದ್ದು, ಮನೆಗಳಲ್ಲಿ ಅಕ್ಕಂದಿರು ತಂಗಿಯರಿಗೆ ಹೇಳಿಕೊಟ್ಟಿದ್ದರು.

ಸಾಲದ್ದಕ್ಕೆ ನನ್ನ ಮಾತುಗಳನ್ನು ಬದಲಾಯಿಸಿದ್ದರು. ಪಲ್ಲವಿಯ ಕೊನೆಗೆ ನಾನು “ವಿದ್ಯಾಮಂದಿರ” ಎಂದು ಹಾಕಿದ್ದೆ. ಇವರು ಆಡುಮಾತಿನಲ್ಲಿ “ನಮ್ಮ ಸಾಲಿ” ಎಂದು ಹಾಡಿದರು. ನಿಲ್ಲಿಸಿ ತಿದ್ದಬೇಕೆಂದು ಕುರ್ಚಿಯಿಂದ ಅರ್ಧ ಎದ್ದೆ. ಕನ್ನಡ ಕಲಿಸುವವಳ ಚಟ. ಅಷ್ಟರಲ್ಲಿ ಪಲ್ಲವಿ ಎರಡನೆಯ ಸಲ ಬಂತು. ಆ ಧಾಟಿಯ ಕೊನೆಯ ಸ್ವರ ಉದ್ದಕ್ಕೆ ಎಳೆಯುತ್ತದೆ. ನನ್ನ “ಮಂದಿರ” ಅಲ್ಲಿ ಪ್ರತಿ ಸಲ ಎಡವುತ್ತಿತ್ತು, ಅದನ್ನು ನಾನು ಹುಡುಗಿಯರ ಉಸಿರಿನ ದೋಷವೆಂದು ಬೈಯುತ್ತಿದ್ದೆ. ಇವರ “ಸಾಲೀ” ಎಷ್ಟು ಎಳೆದರೂ ಎಳೆಯುತ್ತಿತ್ತು.

ನಾನು ಕೂತೆ. ಸಿಟ್ಟು ಇಳಿದಿರಲಿಲ್ಲ. ಹಾಡು ಮುಗಿದ ಮೇಲೆ ದೊಡ್ಡ ಅಕ್ಕೋರು ಶಾಲು ಹೊದಿಸಿ, ಎಲ್ಲರೆದುರು, “ರಾಗ ಯಾರದು ಅಂತ ಮಾತ್ರ ನನ್ನ ಕೇಳಬ್ಯಾಡ್ರಿ” ಎಂದರು. ಮಂದಿ ನಕ್ಕರು. ನಾನು ಮೈಕಿನ ಬಳಿ ಹೋಗಿ, ಇದು ಇಟಲಿಯ ಹಾಡು ಎಂದು ಶುರು ಮಾಡಿದೆ. ಈ ಸಲ ಪೂರ್ತಿ ಹೇಳಿ ಮುಗಿಸಿದೆ. ಬಸ್ಸು ತಪ್ಪಿತು.