ಅವ್ವನ ಹಸಿರು ಬಳೆಗಳು

ಗೋಳಗುಮ್ಮಟದ ಹತ್ತಿರ ಸಿಗ್ನಲ್‌ಗೆ ನಿಂತ ವಾಹನಗಳ ನಡುವೆ ನನ್ನ ಕಾರೂ ನಿಂತಿತ್ತು. ಪಕ್ಕದ ಕಾರಿನ ಮುಂದಿನ ಸೀಟಿನಲ್ಲಿ, ತಾಯಿಯ ತೊಡೆಯ ಮೇಲೆ ಮಗುವೊಂದು ನಿಂತಿತ್ತು. ಆಕೆಯ ಕೈತುಂಬ ಹಸಿರು ಗಾಜಿನ ಬಳೆ.

ಚಿಕ್ಕಂದಿನಲ್ಲಿ ನಾನೂ ಹಾಗೇ ನಿಲ್ಲುತ್ತಿದ್ದೆ. ಒಮ್ಮೆ ತಿಕೋಟಾದ ಬಳಿ ಎಮ್ಮೆ ಅಡ್ಡ ಬಂದು ಅಪ್ಪ ಗಕ್ಕನೆ ಬ್ರೇಕ್ ಒತ್ತಿದ. ಅವ್ವ ಕೈ ಅಡ್ಡ ಹಿಡಿದರೂ ನನ್ನ ಹಣೆ ಗಾಜಿಗೆ ಬಡಿಯಿತು. ಅವಳ ಬಳೆಗಳೆಲ್ಲ ಒಡೆದವು.

ಹಿಂದೆ ಕೂತಿದ್ದ ಅಜ್ಜಿ, "ಮುತ್ತೈದಿ ಬರಿಗೈಲೆ ಇರಬಾರ್ದು, ಮೊದಲ ಬಳಿ ಇಡಿಸೋ," ಎಂದು ಅಪ್ಪನನ್ನು ಅವಸರಪಡಿಸಿದಳು. ಸಿದ್ಧೇಶ್ವರ ಗುಡಿ ಹತ್ತಿರ ಅವ್ವನಿಗೆ ಹೊಸ ಬಳೆ ಬಂದವು, ನನ್ನ ಹಣೆಗೆ ಅರಿಶಿನ ಬಿತ್ತು. ಎಲ್ಲರಿಗೂ ಸಮಾಧಾನವಾಯಿತು. ಮತ್ತೆ ನನ್ನನ್ನು ಮುಂದೆಯೇ ನಿಲ್ಲಿಸಿಕೊಂಡರು.

ಇವತ್ತು ಗಾಜು ಇಳಿಸಿ, "ತಂಗಿ, ಕೂಸಿನ್ನ ಹಿಂದ ಕುಂಡ್ರಿಸಿ ಬೆಲ್ಟ್ ಹಾಕ್ರಿ," ಎಂದೆ.

ಆಕೆ ಮಗುವಿನ ಎದೆಗೆ ಕೈ ಅಡ್ಡ ಹಿಡಿದು ನಕ್ಕಳು: "ಗಟ್ಟಿ ಹಿಡಕೊಂಡೇನಲ್ರಿ!"