ಮಲಗಿಸಿ ತೆಗೆದ ಅಳತೆ

ಕೊರೋನಾ ಹಿಂದೆ ಸರಿದು ಜನ ಮತ್ತೆ ಧೈರ್ಯವಾಗಿ ಅಂಗಡಿಗಳಿಗೆ ಬರತೊಡಗಿದ ವರ್ಷ ಅದು. ಸುರಪುರದಲ್ಲಿ ನನ್ನ ಹೊಲಿಗೆ ಅಂಗಡಿ ಆರಂಭವಾಗಿ ಅಷ್ಟರಲ್ಲಿ ಮೂರು ದಶಕ ದಾಟಿತ್ತು. ನಾನು ಶಾಲೆ ಬಿಟ್ಟದ್ದು ನಾಲ್ಕನೆಯ ಇಯತ್ತೆಯಲ್ಲಿ. ಹೊಲಿಗೆಯನ್ನು ಯಾರೂ ಕಲಿಸಲಿಲ್ಲ. ಹಳೆಯ ಬಟ್ಟೆಗಳನ್ನು ಬಿಚ್ಚಿ, ಬಿಚ್ಚಿದ್ದನ್ನು ಮರಳಿ ಜೋಡಿಸಿ ಕಲಿತೆ. ಹೀಗೆ ಕಲಿತವರಿಗೆ ಒಂದು ಹಟ ಅಂಟಿಕೊಳ್ಳುತ್ತದೆ. ಒಳಗಿನ ಹೊಲಿಗೆ ನೋಡದೆ ನಾನು ಯಾವ ಮಾತನ್ನೂ ಒಪ್ಪುವುದಿಲ್ಲ.

ರೇಷ್ಮೆಯ ರಾತ್ರಿಯುಡುಪುಗಳನ್ನು ಒಬ್ಬೊಬ್ಬರ ಅಳತೆಗೆ ಹೊಲಿದು ಕೊಡುವ ಯೋಚನೆ ನನ್ನ ಅಣ್ಣನ ಮಗಳು ರೇಣುಕಾಳದು. ನನ್ನ ಜೊತೆ ಹೊಲಿಯುವವಳೂ, ಗಿರಾಕಿಗಳೊಂದಿಗೆ ಫೋನಿನಲ್ಲಿ ಮಾತಾಡುವವಳೂ ಅವಳೇ. ಸುದ್ದಿ ತಿಳಿದು ಬಜಾರು ನಕ್ಕಿತು.

"ಈ ಬಿಸಲಾಗ ರೇಷ್ಮಿ ಹಾಕ್ಕೊಂಡು ಮಲಗವ್ರು ಯಾರವ್ವಾ? ಹಾಸಗಿ ಮ್ಯಾಲೂ ಮದಿವಿ ಹಂದರ ಹಾಕಸ್ತೀಯೇನು?" ಎಂದರು ಪಕ್ಕದ ಬಳೆ ಅಂಗಡಿಯವರು.

ರೇಷ್ಮೆ ಸೆಕೆ, ರೇಷ್ಮೆಗೆ ನೀರು ಸೋಕಿಸಬಾರದು ಎಂಬ ಎರಡು ಮಾತುಗಳನ್ನೂ ನಾನು ಚಿಕ್ಕಂದಿನಿಂದ ಕೇಳಿದ್ದೆ, ಪರೀಕ್ಷಿಸಿದವರನ್ನು ಕಂಡಿರಲಿಲ್ಲ. ಜರಿಯಿಲ್ಲದ ತೆಳುವಾದ ಮಲ್ಬೆರಿ ರೇಷ್ಮೆ ತರಿಸಿದೆ. ಮೊದಲು ಒಂದು ಎಳೆಯನ್ನು ಸುಟ್ಟು ನೋಡಿದೆ. ಪಾಲಿಯೆಸ್ಟರ್ ಆದರೆ ಕರಗಿ ಮಣಿಯಂತೆ ಗಟ್ಟಿಯಾಗುತ್ತದೆ. ಅಸಲಿ ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ ಪುಡಿಯಾಗುತ್ತದೆ. ನನಗೇ ಒಂದು ನೈಟಿ ಹೊಲಿದುಕೊಂಡು ಬೇಸಿಗೆಯಿಡೀ ಅದರಲ್ಲೇ ಮಲಗಿದೆ, ಕೈಯಾರೆ ಒಗೆದೆ. ಸೆಕೆಯ ಅಪವಾದ ರೇಷ್ಮೆಗಲ್ಲ, ಜರಿಗೂ ಅದರಡಿಯ ಅಸ್ತರಿಗೂ ಸಲ್ಲಬೇಕು. ಬೋರಿನ ಗಡಸು ನೀರಿಗೆ ಮಾತ್ರ ಬಟ್ಟೆ ಬಿರುಸಾಯಿತು. ಅಷ್ಟರ ಮಟ್ಟಿಗೆ ಹಿರಿಯರ ಮಾತೂ ನಿಜವೇ.

ಮೊದಲ ಆರ್ಡರ್ ಬಂದದ್ದು ಭೀಮರಾಯನಗುಡಿಯ ನಿವೃತ್ತ ಶಿಕ್ಷಕಿ ಸುಶೀಲಾಬಾಯಿಯವರಿಂದ. ನಮ್ಮ ಕಡೆ ಹೆಂಗಸರು ಅಳತೆ ಕೊಡಲು ತಾವು ಬರುವುದು ಕಡಿಮೆ. ಸರಿಹೊಂದುವ ಹಳೆಯ ಕುಪ್ಪಸವೊಂದನ್ನು ಕಳಿಸುತ್ತಾರೆ. ಅದಕ್ಕೆ ಅಳತೆ ಕುಪ್ಪಸ ಎನ್ನುತ್ತೇವೆ. ಸುಶೀಲಾಬಾಯಿಯವರೂ ಹಾಗೆಯೇ ಕಳಿಸಿದ್ದರು. ಬಿಚ್ಚಿದರೆ ನುಸಿಗುಳಿಗೆಯ ವಾಸನೆ. ಮಡಿಕೆಯ ಗೆರೆಗಳು ಹಳದಿಗಟ್ಟಿದ್ದವು.

"ಇದನ್ನ ಆಕಿ ತೊಟ್ಟು ಭಾಳ ದಿನ ಆಗ್ಯಾದ. ಇದರ ಅಳತಿ ಮ್ಯಾಲೆ ನಾ ಕತ್ತರಿ ಹಾಕಂಗಿಲ್ಲ" ಎಂದೆ.

"ಅತ್ತಿ, ಎಲ್ಲಾರೂ ಹಂಗೇ ಕಳಸ್ತಾರ. ಮೊದಲ್ನೇ ಗಿರಾಕಿನೇ ಓಡಸಬ್ಯಾಡ" ಎಂದಳು ರೇಣುಕಾ.

ಅಳತೆಗೆ ನಾನೇ ಬರುತ್ತೇನೆಂದು ಫೋನು ಮಾಡಿದರೆ ಸುಶೀಲಾಬಾಯಿಯವರು ಹೇಳಿದ್ದು ಇಷ್ಟೇ: "ಸಡ್ಲ ಹೊಲಿರಿ, ಸಾಕು. ನೀವು ಬರೂದು ಬ್ಯಾಡ್ರಿ." ಆ 'ಬ್ಯಾಡ' ಎಂಬುದರಲ್ಲಿ ಬೇಸರಕ್ಕಿಂತ ಅಂಜಿಕೆ ಹೆಚ್ಚಿತ್ತು. ಮರುದಿನ ಮಧ್ಯಾಹ್ನ ಶಹಾಪುರದ ಬಸ್ಸು ಹತ್ತಿ ಭೀಮರಾಯನಗುಡಿಯಲ್ಲಿ ಇಳಿದೆ.

ಬಾಗಿಲು ತೆರೆದವರು ಅವರ ಗಂಡ ಬಸವರಾಜ ಅವರು. ನನ್ನ ಕೊರಳಲ್ಲಿದ್ದ ಟೇಪು ನೋಡಿ ಒಳಗೆ ಕರೆದು, ಚಹಾ ಇಡಲು ಹೋದರು. ಸುಶೀಲಾಬಾಯಿ ನನ್ನನ್ನು ಕೋಣೆಗೆ ಕರೆದು ಬಾಗಿಲು ಮುಚ್ಚಿದರು.

"ಬಲಗಡಿ ಎದಿ ತಗದಾರ್ರಿ. ಕ್ಯಾನ್ಸರ್ ಇತ್ತು. ಗಾಯ ಮಾಯ್ದದ, ಖರೇ. ಆದ್ರ ಯಾವ ನೈಟಿ ಹಾಕಿದ್ರೂ ಅದರ ಹೊಲಗಿ ಅಲ್ಲೇ ಒತ್ತತದ. ಕುರ್ಚಿ ಮ್ಯಾಲೆ ಕುಂತು ರಾತ್ರಿ ಕಳಿಯಾಕತ್ತೇನಿ. ಇವರಿಗೂ ನಿದ್ದಿಲ್ಲ."

ವೈದ್ಯರು, ದಾದಿಯರ ಹೊರತು ಆ ಗಾಯವನ್ನು ಅವರು ಯಾರಿಗೂ ತೋರಿಸಿರಲಿಲ್ಲ. ಕಳಿಸಿದ್ದ ಕುಪ್ಪಸ ಶಸ್ತ್ರಚಿಕಿತ್ಸೆಗೆ ಮೊದಲಿನದು. "ನನ್ನ ಕಣ್ಣು ಟೇಪಿನ ಮ್ಯಾಲಿರ್ತಾವ್ರಿ, ಬ್ಯಾರೆ ಕಡಿ ಇರಂಗಿಲ್ಲ" ಎಂದೆ. ಎದ್ದು ನಿಂತರು. ಭುಜ, ಕಂಕುಳು, ಸೊಂಟ ಎಲ್ಲವನ್ನೂ ಅಳೆದು ಟೇಪು ಸುತ್ತುವಾಗ ಕೇಳಿದರು:

"ಮುಗೀತೇನ್ರಿ? ನಾ ಏನು ನಿಂತ್ಕೊಂಡು ಮಲಗ್ತೀನೇನು?"

ನನಗೆ ನಗು ಬಂತು; ಅರ್ಧಕ್ಕೇ ನಿಂತಿತು. ಊರಿನ ಮಾತುಗಳನ್ನೆಲ್ಲ ಸುಟ್ಟು, ಒಗೆದು ಪರೀಕ್ಷಿಸಿದ ನಾನು ಅಳತೆಗೆ ಜನ ನಿಲ್ಲಬೇಕು ಎಂಬುದನ್ನು ಒಮ್ಮೆಯೂ ಸಂಶಯಿಸಿರಲಿಲ್ಲ.

ಅವರು ಎಡಮಗ್ಗುಲಿಗೆ ಮಲಗಿ ಬಲಗೈಯನ್ನು ದಿಂಬಿನ ಮೇಲೆ ಇಟ್ಟರು. ತೊಟ್ಟಿದ್ದ ನೈಟಿಯ ತೋಳಿನ ಹೊಲಿಗೆ, ನಿಂತಾಗ ಕಂಕುಳಲ್ಲಿದ್ದದ್ದು, ಸರಿದು ನೇರ ಗಾಯದ ಮೇಲೆ ಬಂತು. ಆಮೇಲೆ ಅವರೇ ಪಾಠ ಮುಂದುವರಿಸಿದರು: "ಈ ಕೈ ಸಂಜಿಕ ಬಾಯ್ತದ್ರಿ. ಚಾ ಕುಡದು ಕೂಡ್ರಿ, ಆಮ್ಯಾಲೆ ಅಳೀರಿ." ಕಂಕುಳಿನ ಲಿಂಫ್ ಗ್ರಂಥಿಗಳನ್ನು ತೆಗೆದಿದ್ದರೆ ಕೆಲವರ ಕೈಯಲ್ಲಿ ದ್ರವ ನಿಂತು ಬಾವು ಬರುತ್ತದೆ ಎಂದು ಅವರಿಂದಲೇ ತಿಳಿದೆ. ಕಾದು ಕುಳಿತೆ. ಹೊತ್ತು ಇಳಿದ ಮೇಲೆ ಅಳೆದರೆ ಬಲತೋಳಿನ ಸುತ್ತಳತೆ ಸ್ಪಷ್ಟವಾಗಿ ಹೆಚ್ಚಿತ್ತು.

ಆ ನೈಟಿಯ ಎದೆಯ ಭಾಗವನ್ನು ಒಂದೇ ತುಂಡಿನಲ್ಲಿ ಕತ್ತರಿಸಿದೆ. ಬಲತೋಳನ್ನು ಅಗಲ ಮಾಡಿ, ಅದರ ಹೊಲಿಗೆಯನ್ನು ಬೆನ್ನಿಗೆ ಒಯ್ದೆ. ಕಟ್ಟುವ ಲಾಡಿಗಳನ್ನು ಎಡಕ್ಕೆ ಇಟ್ಟೆ. ಸೀಮ್, ಅಂದರೆ ಎರಡು ತುಂಡು ಕೂಡುವ ಅಂಚು, ಮೈಗೆ ತಾಕದಂತೆ ಹೊರಮೈಗೆ ತಂದು ರೇಷ್ಮೆ ಪಟ್ಟಿಯಿಂದ ಮುಚ್ಚಿದೆ.

"ಉಲ್ಟಾ ಹೊಲದಾರಂತ ಮಂದಿ ನಗ್ತಾರತ್ತಿ" ಎಂದಳು ರೇಣುಕಾ.

"ನಗೂ ಮಂದಿ ಇದನ್ನ ಹಾಕ್ಕೊಂಡು ಮಲಗಂಗಿಲ್ಲ. ಹೊಲಿ."

ಬಟ್ಟೆ ತಲುಪಿಸಿದ ಮರುದಿನ, ಬಿಸಿಲೇರಿದ ಮೇಲೆ ಫೋನು ಮಾಡಿದೆ. ಎತ್ತಿದವರು ಬಸವರಾಜ ಅವರು. ದನಿ ತೀರ ತಗ್ಗಿತ್ತು.

"ಆಮ್ಯಾಲೆ ಮಾಡ್ರಿ ಅಕ್ಕಾರ. ಇನ್ನಾ ಮಲಗ್ಯಾಳ. ಹಾಸಗಿ ಮ್ಯಾಲೇ ಮಲಗ್ಯಾಳ್ರಿ."

ನಮ್ಮ ನೈಟಿಯೇ ಅವರಿಗೆ ನಿದ್ದೆ ಕೊಟ್ಟಿತು ಎಂದು ರೇಣುಕಾ ಇಂದಿಗೂ ಗಿರಾಕಿಗಳಿಗೆ ಹೇಳುತ್ತಾಳೆ. ನಾನು ಆ ಕಥೆಯನ್ನು ಪೂರ್ತಿ ಒಪ್ಪುವುದಿಲ್ಲ. ಕಾಲ ಮಾಯಿಸಿದ್ದಿದೆ, ಔಷಧವಿದೆ, ರಾತ್ರಿಯೆಲ್ಲ ಜೊತೆಗೆ ಎಚ್ಚರವಿದ್ದ ಗಂಡನಿದ್ದಾರೆ. ನಮ್ಮ ಬಟ್ಟೆ ಅಡ್ಡ ಬರಲಿಲ್ಲ, ಅಷ್ಟೇ. ರಾತ್ರಿಯುಡುಪು ಮಾಡಬೇಕಾದ ಕೆಲಸವೂ ಅಷ್ಟೇ ಇರಬೇಕು.

ಈಗ ಯಾದಗಿರಿಯಿಂದ, ವಡಗೇರಾದಿಂದಲೂ ಗಿರಾಕಿಗಳು ಬರುತ್ತಾರೆ. ಅಂಗಡಿಯ ಒಳಕೋಣೆಯಲ್ಲಿ ಒಂದು ಹಾಸಿಗೆ, ಒಂದು ದಿಂಬು ಇಟ್ಟಿದ್ದೇವೆ. ಹೊಲಿಸಲು ಬಂದವರು ಅದನ್ನು ಕಂಡು ನಗುತ್ತಾರೆ, ನಕ್ಕು ಮಲಗುತ್ತಾರೆ. ಪ್ರತಿ ಸಲ ಟೇಪು ಹಿಡಿದು ಅವರ ಪಕ್ಕದಲ್ಲಿ ಮಂಡಿಯೂರುವಾಗ, ನಿಂತೇ ಅಳೆಯುತ್ತಿದ್ದ ನನ್ನನ್ನು ಕೂರಿಸಿ ಚಹಾ ಕೊಟ್ಟು ಕೆಲಸ ಕಲಿಸಿದ ಸುಶೀಲಾಬಾಯಿಯವರನ್ನು ನೆನೆಯುತ್ತೇನೆ. "ಹೆಂಗ ಮಲಗ್ತೀರಿ, ತೋರಸ್ರಿ" ಎಂದು ಕೇಳಿದ ಮೇಲೆಯೇ ನನ್ನ ಕತ್ತರಿ ಕೈಗೆ ಬರುತ್ತದೆ.