ಒಂದು ಬೀಳದ ಚೌಕಾಬಾರ

ಹೈದರಾಬಾದಿನ ಕೊಂಡಾಪುರದ ಒಂದು ಕಚೇರಿಯಲ್ಲಿ ಕುರ್ಚಿ, ಎಸಿ, ನೀರಿನ ಕ್ಯಾನು, ಕಳೆದುಹೋದ ಗುರುತಿನ ಚೀಟಿ ಇವುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ಮೊಬೈಲಿನಲ್ಲಿ ಆಡುವ ಆಟಗಳನ್ನು ತಯಾರಿಸುತ್ತಾರೆ. ಆಟ ಬರೆಯುವವರ ಬೆನ್ನಿಗೆ ಯಾವ ಕುರ್ಚಿ ಹೊಂದುತ್ತದೆ ಎಂದು ನನಗೆ ಗೊತ್ತು. ಅವರು ಏನು ಬರೆಯುತ್ತಾರೆ ಎಂದು ಮಾತ್ರ ಐವತ್ತು ದಾಟುವವರೆಗೂ ಇಣುಕಿ ನೋಡಿರಲಿಲ್ಲ. ಈ ವಯಸ್ಸಿನಲ್ಲಿ ಹೊಸ ವಿದ್ಯೆ ಕಲಿಯುವ ಹುರುಪು ಯಾರಿಗಾದರೂ ಇದ್ದರೆ ಇರಲಿ, ನನಗಂತೂ ಇರಲಿಲ್ಲ. ಕಲಿತದ್ದು ಅಕ್ಕನಿಗಾಗಿ.

ಅಕ್ಕ ಇರುವುದು ಕುಷಾಯಿಗೂಡದಲ್ಲಿ, ಮಗಳ ಸಂಸಾರದ ಜೊತೆ. ನಾನು ಲಿಂಗಂಪಲ್ಲಿಯಲ್ಲಿ. ಹೈದರಾಬಾದಿನ ಆ ತುದಿಗೆ ಅವಳು, ಈ ತುದಿಗೆ ನಾನು. ಪ್ರತಿ ಭಾನುವಾರ ಲೋಕಲ್ ರೈಲಿನಲ್ಲಿ ಸಿಕಂದರಾಬಾದಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಅವಳ ಮನೆ ಸೇರುತ್ತಿದ್ದೆ. ಊಟಕ್ಕೆ ಮುಂಚೆ ಎರಡು ಆಟ, ಊಟವಾದ ಮೇಲೆ ಒಂದು. ಚೌಕಾಬಾರ ಬಿಟ್ಟು ಬೇರೆ ಆಟ ನಮಗೆ ಬಾರದು. ರಾಯಚೂರು ಕಡೆಯ ನಮ್ಮ ಮನೆಯ ಬಂಡೆಯ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ಅಕ್ಕನೇ ನನಗೆ ಕಲಿಸಿದ್ದಳು. ಇಪ್ಪತ್ತೈದು ಮನೆ, ಇಬ್ಬರಿಗೂ ನಾಲ್ಕು ನಾಲ್ಕು ಕಾಯಿ, ಹಾಕಲು ನಾಲ್ಕು ಕವಡೆ. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಗರ. ನಾಲ್ಕೂ ಮೇಲಾದರೆ ಚೌಕ. ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಸುತ್ತು ಹಾಕಿ ನಡುಮನೆ ಸೇರಿದ ಕಾಯಿ ಹಣ್ಣು. ಸೇರಲು ಬೇಕಾದಷ್ಟೇ ಗರ ಬೀಳಬೇಕು, ಹೆಚ್ಚು ಬಿದ್ದರೆ ಕಾಯಿ ಕದಲದು. ನಾಲ್ಕನ್ನೂ ಮೊದಲು ಹಣ್ಣು ಮಾಡಿದವರು ಗೆದ್ದ ಹಾಗೆ.

ನಾವಿಬ್ಬರೂ ಎದುರುಬದುರು ಕೂತು ಮಾತಾಡುವ ಜನ ಅಲ್ಲ. ಭಾವ ತೀರಿಕೊಂಡ ಮೇಲಿನ ಮೊದಲ ತಿಂಗಳುಗಳಲ್ಲೂ ನಮ್ಮ ನಡುವೆ ನಡೆದದ್ದು ಈ ಆಟವೇ. ಕವಡೆ ಕುಲುಕುತ್ತಾ ಅವಳು ಒಂದೊಂದು ಮಾತು ಹೊರಗೆ ಹಾಕುತ್ತಿದ್ದಳು, ನಾನು ಕಾಯಿ ನಡೆಸುತ್ತಾ ಹೂಂ ಅನ್ನುತ್ತಿದ್ದೆ.

ಕಳೆದ ವರ್ಷ ಸಂಧಿವಾತ ಅಕ್ಕನ ಬೆರಳುಗಳನ್ನು ಸೊಟ್ಟ ಮಾಡಿತು. ಕವಡೆ ಕುಲುಕಲು ಹೋದರೆ ಎರಡು ಮಡಿಲಿಗೆ, ಎರಡು ಮಂಚದ ಕೆಳಗೆ. ನಿನ್ನ ಪರವಾಗಿ ನಾನೇ ಹಾಕುತ್ತೇನೆ ಅಂದೆ.

"ನನ್ನ ಗರ ನಿನ್ನ ಕೈಲೆ ಹೆಂಗ ಬೀಳ್ತೈತಿ?" ಎಂದು ರೇಗಿದಳು. ಕವಡೆ ಚೀಲವನ್ನು ನನ್ನ ಕೈಗಿಟ್ಟು, "ಒಯ್ಯಿ ತಮ್ಮಾ. ಸಾಕಾತು," ಅಂದಳು.

ಆಮೇಲಿನ ಎರಡು ಭಾನುವಾರ ನಾವು ಟಿವಿಯ ಮುಂದೆ ಕೂತು ತೆಲುಗು ಧಾರಾವಾಹಿ ನೋಡಿದೆವು. ಮೂರನೆಯ ಭಾನುವಾರ ಬೆಳಿಗ್ಗೆ, ಹೋಗದೇ ಇರಲು ಏನು ನೆಪ ಹೇಳಲಿ ಎಂದು ನಾನು ಯೋಚಿಸುತ್ತಿದ್ದೆ. ಆ ಯೋಚನೆಯೇ ನನ್ನನ್ನು ಹೆದರಿಸಿತು. ಆಟ ನಿಂತರೆ ಅಕ್ಕನೂ ನನಗೆ ದೂರದ ಸಂಬಂಧಿಯಾಗಿಬಿಡುತ್ತಾಳೆ ಅನ್ನಿಸಿತು.

ಕಚೇರಿಯಲ್ಲಿ ಮಂಗಳೂರಿನ ಹುಡುಗಿಯೊಬ್ಬಳಿದ್ದಾಳೆ, ಆಟ ಬರೆಯುವವಳು. ಅವಳ ಕುರ್ಚಿಯ ಚಕ್ರವನ್ನು ಮೂರು ಸಲ ಬದಲಿಸಿಕೊಟ್ಟ ಸಲುಗೆಯಲ್ಲಿ ಕೇಳಿದೆ, ನನ್ನಂಥವನು ಕಲಿಯಬಹುದೇ ಎಂದು. ಮೊದಲು ದೊಡ್ಡ ಯೋಜನೆಯನ್ನೇ ಹೇಳಿದ್ದೆ: ಬಣ್ಣದ ಮನೆಗಳು, ಉರುಳುವ ಕವಡೆ, ಸದ್ದು, ಸಂಗೀತ.

"ಅಯ್ಯೋ, ಅದೆಲ್ಲ ಈಗ ಬೇಡ ಮಾರಾಯ್ರೆ," ಅಂದಳು. "ಚಿತ್ರ ಆಮೇಲೆ ನೋಡುವ. ಮೊದಲು ಒಂದು ಗರ ಬೀಳಲಿ. ಗುಂಡಿ ಒತ್ತಿದರೆ ಒಂದು ಅಂಕಿ ಬರಬೇಕು, ಅಷ್ಟೇ ಮಾಡಿ. ಅದು ಸರಿಯಾದರೆ ಒಂದು ಕಾಯಿ ನಡೆಸಿ."

ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಯಾರೋ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪಿನಲ್ಲಿ ಕಲಿಯಲು ಕೂತೆ. ಬ್ರೌಸರಿನಲ್ಲೇ ಓಡುವ ಭಾಷೆ, ಮೊದಲಿಗರಿಗೆ ಸುಲಭ ಅಂದಿದ್ದಳು. ಅವಳಿಗೆ ಸುಲಭ. ನನಗೆ ಒಂದು ಆವರಣ ಚಿಹ್ನೆ ಮುಚ್ಚಲು ಮರೆತು ಮೂರು ದಿನ ಹೋಯಿತು. ಅಂಕಿಯನ್ನು ಒಂದು ಹೆಸರಿನಲ್ಲಿ ಇಟ್ಟುಕೊಳ್ಳುವುದು, ಹೀಗಾದರೆ ಹೀಗೆ ಮಾಡು ಎಂದು ಹೇಳುವುದು, ಇಂತಿಷ್ಟು ಸಲ ಮಾಡು ಎಂದು ಹೇಳುವುದು, ಇಷ್ಟು ತಲೆಗೆ ಹೋಗಲು ಎರಡು ತಿಂಗಳು. ಕಣ್ಣು ಉರಿಯುತ್ತಿತ್ತು, ಡಬ್ಬಿಯಲ್ಲಿ ಅನ್ನ ಆರುತ್ತಿತ್ತು. ಎಷ್ಟೋ ಸಲ ಲ್ಯಾಪ್‌ಟಾಪ್ ಮುಚ್ಚಿ, ಇದು ನನ್ನ ಹಣೆಯಲ್ಲಿ ಬರೆದಿಲ್ಲ ಎಂದು ಎದ್ದದ್ದಿದೆ. ಮರುದಿನ ಮತ್ತೆ ಕೂರುತ್ತಿದ್ದೆ, ಬೇರೆ ದಾರಿಯಿರಲಿಲ್ಲ.

ಮೊದಲ ಆಟವನ್ನು ಫೋನಿಗೆ ಹಾಕಿಕೊಂಡು ಕುಷಾಯಿಗೂಡಕ್ಕೆ ಒಯ್ದೆ. ಅಕ್ಕನ ಬೆರಳಿಗೆ ಸಣ್ಣ ಗುಂಡಿ ಒತ್ತಲಾಗದು ಎಂದು ಅರ್ಧ ಪರದೆಯನ್ನೇ ಗುಂಡಿ ಮಾಡಿದ್ದೆ, ಅಂಗೈ ಇಟ್ಟರೂ ಸಾಕು. ಅವಳು ಅನುಮಾನದಿಂದಲೇ ಅಂಗೈ ಇಟ್ಟಳು. ಐದು ಬಿತ್ತು.

ಅಕ್ಕ ಫೋನನ್ನು ನೋಡಿದಳು, ನನ್ನನ್ನು ನೋಡಿದಳು. "ನಾಕ ಕವಡಿಗೆ ಐದ ಹೆಂಗ ಬಿತ್ತೋ?" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಒಂದರಿಂದ ಎಂಟರವರೆಗೆ ಯಾವುದಾದರೂ ಅಂಕಿ ಕೊಡು ಎಂದು ಬರೆದಿದ್ದೆ. ನಲವತ್ತು ವರ್ಷದಿಂದ ಆಡುತ್ತಿರುವವನಿಗೆ ಐದು, ಆರು, ಏಳು ಎಂಬ ಗರವೇ ಇಲ್ಲ ಎಂಬುದು ಮರೆತುಹೋಗಿತ್ತು. ನಾಚಿಕೆಯಾಯಿತು, ಆದರೆ ಅವಳು ಎಷ್ಟೋ ತಿಂಗಳ ಮೇಲೆ ನಕ್ಕದ್ದು ನೋಡಿ ಖುಷಿಯೂ ಆಯಿತು.

ಮುಂದಿನ ವಾರ ಆ ಮೂರನ್ನೂ ತೆಗೆದುಹಾಕಿ, ಒಂದು, ಎರಡು, ಮೂರು, ನಾಲ್ಕು, ಎಂಟು ಇವುಗಳಲ್ಲಿ ಒಂದನ್ನು ಎತ್ತು ಎಂದು ಬರೆದೆ. ಆಗ ಐದು ಸಲಕ್ಕೊಂದು ಬಾರ ಬೀಳತೊಡಗಿತು. "ಇಷ್ಟ್ ಬಾರ ನಾ ಹುಟ್ಟಿದಾಗಿಂದ ಕಂಡಿಲ್ಲ ಬಿಡು," ಅಂದಳು ಅಕ್ಕ. ಮಂಗಳೂರಿನ ಹುಡುಗಿಗೆ ಹೇಳಿದರೆ, "ನೀವು ಕವಡೆ ಹಾಕುವುದೇ ಇಲ್ಲವಲ್ಲ, ಬರೀ ಅಂಕಿ ಎತ್ತುತ್ತೀರಿ. ಒಂದೊಂದೇ ಕವಡೆ ಹಾಕಿ ಎಣಿಸಿ ಮಾರಾಯ್ರೆ," ಅಂದಳು. ನಾಲ್ಕು ಕವಡೆಯನ್ನೂ ಬೇರೆ ಬೇರೆಯಾಗಿ ಬೀಳಿಸಿ, ಬಾಯಿ ಮೇಲಾದವನ್ನು ಎಣಿಸಿದೆ. ಬಾರ ತನ್ನ ಪಾಡಿಗೆ ಅಪರೂಪವಾಯಿತು. ಆಟ ಬರೆಯಲು ಕಲಿಯಹೊರಟ ಯಾರಾದರೂ ನನ್ನನ್ನು ಕೇಳಿದರೆ ಇದೊಂದನ್ನೇ ಹೇಳುತ್ತೇನೆ: ಕೈಯಿಂದ ಆಡಿ ಗೊತ್ತಿರುವ ಆಟವನ್ನೇ ಹಿಡಿಯಿರಿ, ಕೈ ಏನೇನು ಮಾಡುತ್ತದೋ ಅದನ್ನೇ ಬರೆಯಿರಿ.

ಅಷ್ಟು ಗೊತ್ತಿದ್ದೂ ನಾನು ತಪ್ಪಿದೆ. ಆಟ ಸರಿಯಾದ ಮೇಲೆ ಅಕ್ಕ ಮೂರು ಭಾನುವಾರ ಒಂದೇ ಸಮನೆ ಸೋತಳು. ಮೂರನೆಯ ವಾರ ಸೋತು, ಸೊಟ್ಟ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಳು. ಮತ್ತೆ ಸಾಕು ಅನ್ನುತ್ತಾಳೋ ಎಂದು ಹೆದರಿದೆ. ಮರುದಿನ ಕಚೇರಿಯಲ್ಲಿ ಒಂದು ಸಾಲು ಸೇರಿಸಿದೆ: ಅಕ್ಕನ ಸರದಿಯಲ್ಲಿ ಒಂದು ಬಿದ್ದರೆ ಸದ್ದಿಲ್ಲದೆ ಮತ್ತೆ ಹಾಕು, ಒಂದಲ್ಲದ್ದು ಬೀಳುವ ತನಕ ಹಾಕು. ಒಂದೇ ಸಾಲು. ನಾನು ಬರೆದದ್ದರಲ್ಲಿ ಮೊದಲ ಏಟಿಗೇ ಸರಿಯಾಗಿ ಓಡಿದ್ದು ಅದೊಂದೇ.

ಆ ಭಾನುವಾರ ಅಕ್ಕನ ಕಾಯಿಗಳು ಓಡಿದವು. ಮೂರು ಹಣ್ಣಾದವು. ನಾಲ್ಕನೆಯದು ನಡುಮನೆಯ ಪಕ್ಕದಲ್ಲೇ ಬಂದು ನಿಂತಿತು. ಇನ್ನೊಂದೇ ಮನೆ. ಒಂದು ಬಿದ್ದರೆ ಗೆದ್ದಳು.

ಅಂಗೈ ಇಟ್ಟಳು, ಎರಡು. ಮುಂದಿನ ಸರದಿಗೆ ಮೂರು. ಮತ್ತೆ ಎರಡು. ನನ್ನ ಕಾಯಿಗಳು ಹಿಂದಿನಿಂದ ನಿಧಾನಕ್ಕೆ ಬರುತ್ತಿದ್ದವು. ನಾನು ಮಾಡಿದ್ದೇನೆಂದು ಆಗ ಹೊಳೆಯಿತು. ನನ್ನ ಕರುಣೆ ಅವಳ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಹೇಳಲು ಧೈರ್ಯ ಬರದೆ ನನ್ನ ಕಾಯಿ ನಡೆಸುತ್ತಲೇ ಹೋದೆ.

ಹತ್ತನೆಯ ಸಲವೋ ಏನೋ, ಅಕ್ಕ ಕೈ ತೆಗೆದಳು. "ಅವತ್ತ ಐದು ಹುಟ್ಟಸಿದ್ದಿ," ಅಂದಳು. "ಇವತ್ತ ನನ್ನ ಒಂದು ಎಲ್ಲಿ ಮುಚ್ಚಿಟ್ಟೀ?"

ಹೇಳಿದೆ. ತಲೆ ಎತ್ತದೆ ಎಲ್ಲವನ್ನೂ ಹೇಳಿದೆ.

ಅವಳು ತನ್ನ ಎರಡೂ ಕೈ ಚಾಚಿ ನನ್ನ ಮುಂದೆ ಹಿಡಿದಳು. "ಕೈ ಹೋಗ್ಯಾವ ತಮ್ಮಾ. ನಸೀಬ ಇನ್ನಾ ನಂದಽ ಐತಿ. ಅದನ್ನರ ನನಗ ಬಿಡು."

ಆಟ ತಿದ್ದಲೆಂದು ಜೊತೆಗೆ ತಂದಿದ್ದ ಲ್ಯಾಪ್‌ಟಾಪನ್ನು ಚೀಲದಿಂದ ತೆಗೆದು ಅವಳ ಎದುರಿಗೇ ಆ ಸಾಲನ್ನು ಅಳಿಸಿದೆ. ಅವಳಿಗೆ ಅಕ್ಷರ ಗೊತ್ತಾಗದಿದ್ದರೂ ಬಗ್ಗಿ ನೋಡಿದಳು, ಹೋಯಿತೇ ಎಂದು ಎರಡು ಸಲ ಕೇಳಿದಳು. ತಿದ್ದಿದ್ದನ್ನು ಫೋನಿಗೆ ಹಾಕಿ ಆಟ ಮೊದಲಿನಿಂದ ಶುರು ಮಾಡಿದೆವು. ಅವಳ ಮೊದಲ ಗರವೇ ಒಂದು. "ಬಂದ ನೋಡು ಹಾಳಾದದ್ದು!" ಎಂದು ಬೈದಳು, ಹಿಂದೆ ಕವಡೆಗೆ ಬೈಯುತ್ತಿದ್ದ ಅದೇ ದನಿಯಲ್ಲಿ.

ಆ ಆಟದಲ್ಲೂ ಅವಳು ಸೋತಳು. ನನಗೆ ಬೆನ್ನು ನೋಯುತ್ತಿತ್ತು, ಕಣ್ಣು ಎಳೆಯುತ್ತಿತ್ತು, ರೈಲಿಗೂ ಹೊತ್ತಾಗಿತ್ತು. ಅಕ್ಕ ಫೋನನ್ನು ಅಂಗೈಯಿಂದ ತನ್ನ ಕಡೆ ಎಳೆದುಕೊಂಡು, "ಇನ್ನೊಂದ ಆಟ ಹಚ್ಚು," ಅಂದಳು. ನಾನು ಹಚ್ಚಿದೆ.